ಉಡಿಯಲ್ಲಿ ಉಳಿದ ಕಲ್ಲು

ನನ್ನ ಮೇಜಿನ ಖಾನೆಯಲ್ಲಿ ಒಂದು ಕಲ್ಲಿದೆ. ನಿಂಬೆಹಣ್ಣಿನಷ್ಟು ಗಾತ್ರ, ಗಾತ್ರಕ್ಕೆ ಮೀರಿದ ತೂಕ. ಸಂಡೂರು ಕಡೆಯಿಂದ ಬರುವ ಯಾವುದೋ ಲಾರಿಯಿಂದ ಉದುರಿದ ಕಬ್ಬಿಣದ ಅದಿರಿನ ತುಂಡು ಅದು. ಮುಟ್ಟಿದರೆ ಬೆರಳು ಕೆಂಪಾಗುತ್ತದೆ. ಖಾನೆಯಲ್ಲಿರುವ ರಜಾ ಅರ್ಜಿ, ಹಳೆಯ ಬಸ್ ಟಿಕೆಟ್ಟು, ಗುಳಿಗೆಯ ಚೀಟಿ ಎಲ್ಲದರ ಅಂಚೂ ಕೆಂಪಾಗಿದೆ. ಮೊನ್ನೆ ಕಸ ಗುಡಿಸುವ ಅಮ್ಮ ಖಾನೆ ಒರೆಸಿಕೊಡುತ್ತೇನೆಂದು ಬಂದವರು ಅದನ್ನೆತ್ತಿ ಕಿಟಕಿಯ ಆಚೆ ಎಸೆಯುವುದರಲ್ಲಿದ್ದರು. ಮೊಣಕಾಲು ನೋವೆಂದು ಎರಡು ವರ್ಷದಿಂದ ಮಹಡಿ ಹತ್ತದ ನಾನು ಕುರ್ಚಿಯಿಂದ ಜಿಗಿದ ರೀತಿ ನೋಡಿ ಕಲ್ಲನ್ನು ಇದ್ದಲ್ಲೇ ಇಟ್ಟು ಹೋದರು. ಅಂದಿನಿಂದ ನನ್ನ ಮೇಜಿನ ಕಡೆ ಪೊರಕೆ ಸುಳಿದಿಲ್ಲ.

ಕಂಪ್ಯೂಟರ್ ಮುಂದೆ ಕೂರುವವನಿಗೆ ಕಲ್ಲೇಕೆ ಎಂದು ನೀವು ಕೇಳುವುದು ನ್ಯಾಯವೇ. ಅದನ್ನು ಹೇಳಬೇಕೆಂದರೆ ಮೊದಲು ನನ್ನ ಕೆಲಸ ಏನೆಂದು ಹೇಳಬೇಕು, ಅದು ನನಗೆ ಆಯಾಸದ ಬಾಬತ್ತು. ಮದುವೆ ಮನೆಗಳಲ್ಲಿ ಪಕ್ಕದ ಎಲೆಯವರು ಕೇಳಿದಾಗೆಲ್ಲ ಹೇಳಿದ್ದೇನೆ. ಮೂರನೆಯ ವಾಕ್ಯಕ್ಕೆ ಅವರ ಕಣ್ಣು ಪಾಯಸದ ಬಕೆಟ್ಟಿನ ಕಡೆ ಹೋಗುತ್ತದೆ. ನೀವು ಪಾಯಸಕ್ಕೆ ಕೂತವರಲ್ಲವಾದ್ದರಿಂದ ಇನ್ನೊಮ್ಮೆ ಪ್ರಯತ್ನಿಸುತ್ತೇನೆ.

ನಾನು ಹೊಸಪೇಟೆಯ ಒಂದು ಧರ್ಮಾರ್ಥ ಕಣ್ಣಿನ ಆಸ್ಪತ್ರೆಯಲ್ಲಿದ್ದೇನೆ. ಸುತ್ತಿನ ಹಳ್ಳಿಗಳಲ್ಲಿ ಶಿಬಿರ ಹಾಕಿ, ಸಕ್ಕರೆ ಕಾಯಿಲೆ ಇರುವವರ ಕಣ್ಣಿನ ಒಳಪರದೆಯ ಫೋಟೋ ತೆಗೆಯುತ್ತೇವೆ. ಎರಡೂ ಕಣ್ಣು ಸೇರಿ ಒಬ್ಬರಿಗೆ ಒಂದು ಫೈಲು. ಆ ಫೈಲುಗಳನ್ನು ಹಳ್ಳಿಯಿಂದಲೇ ಆಸ್ಪತ್ರೆಯ ಕಂಪ್ಯೂಟರಿಗೆ ಕಳಿಸಬೇಕು, ಡಾಕ್ಟರು ಇಲ್ಲಿ ಕೂತು ನೋಡಬೇಕು. ತೊಂದರೆ ಕಂಡವರಿಗೆ ಮಾತ್ರ ಫೋನ್ ಹೋಗುತ್ತದೆ. ಫೋಟೋ ತೆಗೆಯುವವನೂ ನಾನೇ, ಕಳಿಸುವವನೂ ನಾನೇ. ಕಳಿಸುವುದಕ್ಕೆ ಬಣ್ಣದ ಗುಂಡಿಗಳಿರುವ ಚೆಂದದ ತಂತ್ರಾಂಶ ಒಂದನ್ನು ಕೊಟ್ಟಿದ್ದರು. ಅದು ದರೋಜಿಯಂಥ ಹಳ್ಳಿಯ ನೆಟ್‌ವರ್ಕಿನಲ್ಲಿ ನೂರಕ್ಕೆ ತೊಂಬತ್ತರವರೆಗೆ ಹೋಗಿ, ಅಲ್ಲಿ ಮನಸ್ಸು ಬದಲಿಸಿ, ಮತ್ತೆ ಸೊನ್ನೆಯಿಂದ ಶುರು ಮಾಡುತ್ತಿತ್ತು. ಮೂರು ಸಲ ಹಾಗಾದ ಮೇಲೆ ನಾನು ಹಳೆಯ ದಾರಿ ಹಿಡಿದೆ. ಗುಂಡಿಯಿಲ್ಲ, ಬಣ್ಣವಿಲ್ಲ. ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರದಲ್ಲಿ ನಾವೇ ಆಜ್ಞೆ ಟೈಪು ಮಾಡಬೇಕು. ಆರ್‌ಸಿಂಕ್ ಎಂಬ ಆಜ್ಞೆಗೆ ಸರಿಯಾಗಿ ಹೇಳಿಕೊಟ್ಟರೆ, ಸಂಪರ್ಕ ಕಡಿದು ಮತ್ತೆ ಹತ್ತಿಸಿದಾಗ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಅದರ ಗುಣ ಹೇಳಿದೆ, ಸ್ವಭಾವವನ್ನೂ ಹೇಳಬೇಕು. ಕಪ್ಪು ಪರದೆ ಮಿತಭಾಷಿ. ಹೇಳಿದ ಕೆಲಸ ಮುಗಿದರೆ ಅದು ಮುಗಿಯಿತೆಂದೂ ಹೇಳುವುದಿಲ್ಲ, ಸುಮ್ಮನೆ ಮುಂದಿನ ಸಾಲಿಗೆ ಬಂದು ಮಿಣುಕುತ್ತಾ ನಿಲ್ಲುತ್ತದೆ. ಏನಾದರೂ ತಪ್ಪಿದರೆ ಮಾತ್ರ ಬಾಯಿ ಬಿಡುತ್ತದೆ ಎಂದು ಕಲಿಸಿದವರು ಹೇಳಿದ್ದರು. ಸುಮ್ಮನಿದೆಯೆಂದರೆ ಎಲ್ಲ ಕ್ಷೇಮ. ಹದಿನೈದು ವರ್ಷ ಅದನ್ನೇ ನಂಬಿಕೊಂಡು ಬಂದೆ.

ಕಳಿಸುವುದೆಂದರೆ ಹೆಚ್ಚಿನ ಪಾಲು ಕಾಯುವುದು. ದರೋಜಿಯಲ್ಲಿ ಕರಡಿಧಾಮದ ಕಡೆಯ ಬಂಡೆಯ ನೆರಳಲ್ಲಿ ಲ್ಯಾಪ್‌ಟಾಪನ್ನು ವ್ಯಾನಿನ ಬಾನೆಟ್ ಮೇಲಿಟ್ಟುಕೊಂಡು ಕಾದಿದ್ದೇನೆ. ಗಣಿ ಸೀಮೆಯ ವಡ್ಡು ಎಂಬ ಊರಿನಲ್ಲಿ ಅದಿರಿನ ಲಾರಿಗಳ ಕೆಂಧೂಳು ಕೀಲಿಮಣೆಯ ಸಂದಿಗೆ ಇಳಿಯುವುದನ್ನು ನೋಡುತ್ತಾ ಕಾದಿದ್ದೇನೆ. ಎಲ್ಲೂ ಆಗದಿದ್ದರೆ ವಾಪಸಾಗುವಾಗ ಸುತ್ತಾದರೂ ಸರಿಯೆಂದು ಕಡ್ಡಿರಾಂಪುರಕ್ಕೆ ಬಂದು, ರಸ್ತೆ ಬದಿಯ ಹೋಟೆಲಿನವನ ವೈಫೈ ಹಿಡಿದು, ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿನ್ನುತ್ತಾ ಕಾದಿದ್ದೇನೆ. ಒಮ್ಮೆ ಹಂಪಿ ನೋಡಲು ಬಂದ ಬಿಳಿಯನೊಬ್ಬ ಪಕ್ಕದ ಮೇಜಿನಲ್ಲಿದ್ದ. ನನ್ನ ಕಪ್ಪು ಪರದೆ, ಅದರಲ್ಲಿ ಓಡುವ ಅಕ್ಷರ, ಎಣ್ಣೆ ಬೆರಳು ಎಲ್ಲವನ್ನೂ ನೋಡಿ ತನ್ನ ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿಕೊಂಡ. ಜೀವಮಾನದಲ್ಲಿ ನನ್ನನ್ನು ಅಪಾಯಕಾರಿ ಮನುಷ್ಯನೆಂದು ತಿಳಿದವನು ಅವನೊಬ್ಬನೇ.

ಕಾಯುವುದು ನನಗೆ ರಕ್ತದಲ್ಲೇ ಬಂದಿರಬೇಕು. ನಮ್ಮಪ್ಪ ಹರಿಗೋಲು ಹಾಕುತ್ತಿದ್ದ. ಕಂಪ್ಲಿಯ ಸೇತುವೆ ದೂರವಾಗುವ ಊರುಗಳವರನ್ನು ತುಂಗಭದ್ರೆಯ ಈ ದಡದಿಂದ ಆ ದಡಕ್ಕೆ ದಾಟಿಸುವ ಕೆಲಸ. ಹರಿಗೋಲು ತುಂಬುವ ತನಕ ಕಾಯುವುದು, ಆ ದಡದಲ್ಲಿ ಮತ್ತೆ ತುಂಬುವ ತನಕ ಕಾಯುವುದು. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ಲೆಕ್ಕ ಇಪ್ಪತ್ತರವರೆಗೆ ಬರುತ್ತಿತ್ತು. ಆದರೆ ಅವನದೊಂದು ಪದ್ಧತಿಯಿತ್ತು. ಜನ ಹತ್ತಲು ಬರುವಾಗ ಅವನು ದಡದಲ್ಲಿ ಕುಕ್ಕರಗಾಲಲ್ಲಿ ಕೂತು, ಒಬ್ಬೊಬ್ಬರು ಮುಂದೆ ಬಂದ ಹಾಗೆ ಒಂದೊಂದು ಕಲ್ಲನ್ನು ಹೆಕ್ಕಿ, ನಡುವಿಗೆ ಸುತ್ತಿದ ಟವೆಲ್ಲಿನ ಉಡಿಗೆ ಹಾಕಿಕೊಳ್ಳುತ್ತಿದ್ದ. ಆ ದಡದಲ್ಲಿ ಒಬ್ಬೊಬ್ಬರು ಇಳಿದ ಹಾಗೆ ಒಂದೊಂದನ್ನು ನೀರಿಗೆ ಎಸೆಯುತ್ತಿದ್ದ. ಉಡಿ ಖಾಲಿಯಾಯಿತೆಂದರೆ ಬೀಡಿ ಹಚ್ಚುತ್ತಿದ್ದ.

ಆಡಿಗೆ ಕಲ್ಲಿಲ್ಲ, ಸೈಕಲ್ಲಿಗೆ ಕಲ್ಲಿಲ್ಲ. ಬಗಲ ಕೂಸಿಗೆ ಮಾತ್ರ ಉಂಟು. ಒಬ್ಬ ಮಾಸ್ತರರು ಕೂಸು ತಾಯಿಯ ಜೊತೆಗೇ ಇಳಿಯುತ್ತದೆ, ಅದಕ್ಕೇಕೆ ಬೇರೆ ಕಲ್ಲು ಎಂದು ವಾದ ಹೂಡಿದ್ದು ನನಗೆ ನೆನಪಿದೆ. ಅಪ್ಪ ವಾದ ಮಾಡಲಿಲ್ಲ, ಕಲ್ಲು ಹಾಕಿಕೊಂಡ. ನನಗೆ ಆಗ ಇದೆಲ್ಲ ನಾಚಿಕೆಯ ಸಂಗತಿಯಾಗಿತ್ತು. ನೂರರ ಮಗ್ಗಿ ಬರುವ ಮಗನ ಅಪ್ಪ ಉಡಿಯಲ್ಲಿ ಕಲ್ಲು ತುಂಬಿಕೊಂಡು ಕೂರುವುದೇ? ಶಾಲೆಯ ಗೆಳೆಯರು ದಾಟಲು ಬಂದರೆ ನಾನು ಬೇರೆಲ್ಲೋ ನೋಡುತ್ತಿದ್ದೆ.

ನಮ್ಮ ಮನೆಯ ದೇವರ ಜಗಲಿಯ ಮೇಲೆ, ಪಟಗಳ ನಡುವೆ, ಒಂದು ಹೊಳೆಗಲ್ಲಿತ್ತು. ಅವ್ವ ಅದಕ್ಕೂ ದಿನಾ ಕುಂಕುಮ ಹಚ್ಚುತ್ತಿದ್ದಳು. ಯಾವ ದೇವರೆಂದು ನಾನು ಕೇಳಿರಲಿಲ್ಲ. ಪರೀಕ್ಷೆಯ ದಿನಗಳಲ್ಲಿ ಬೇರೆ ದೇವರುಗಳ ಜೊತೆ ಅದಕ್ಕೂ ಕೈ ಮುಗಿದು ಹೋಗುತ್ತಿದ್ದೆ. ಫಲಿತಾಂಶ ಬಂದಾಗ ಎಲ್ಲರನ್ನೂ ಸಮನಾಗಿ ಬೈಯುತ್ತಿದ್ದೆ. ಅದು ಯಾವ ದೇವರೆಂದು ತಿಳಿದದ್ದು ಐವತ್ತು ದಾಟಿದ ಮೇಲೆ. ಅದನ್ನು ಹೇಳಲಿಕ್ಕೇ ಇಷ್ಟು ದೂರ ಬಂದಿದ್ದೇನೆ.

ಶಿಬಿರಗಳಲ್ಲಿ ಮೊದಮೊದಲು ನಾವು ಬಂದವರಿಗೆ ನಂಬರು ಚೀಟಿ ಕೊಡುತ್ತಿದ್ದೆವು. ವಡ್ಡುವಿನಲ್ಲಿ ಒಬ್ಬ ಮುದುಕರಿದ್ದರು, ಗಣಿಯಲ್ಲಿ ದುಡಿದು ಬಿಟ್ಟವರು. ಅವರ ನಂಬರನ್ನು ಎಷ್ಟು ಸಲ ಕೂಗಿದರೂ ಏಳಲಿಲ್ಲ, ಎದುರಿಗೇ ಕೂತಿದ್ದರು. ಕಿವಿ ಮಂದವಿರಬೇಕೆಂದು ನಮ್ಮ ರುದ್ರಮ್ಮ ಸಿಸ್ಟರ್ ಹತ್ತಿರ ಹೋಗಿ ಬಗ್ಗಿದರು. ಕಿವಿ ಚೆನ್ನಾಗಿಯೇ ಇತ್ತು.

"ಮೂವತ್ತು ವರ್ಷ ಗೇಟಿನ್ಯಾಗ ನಂಬರ ಕರದ್ರು, ಎದ್ದು ಹೋದೆ. ಈಗ ಮನಿಗಿ ಬಂದೀನಿ. ನನಗೊಂದು ಹೆಸರೈತಿ," ಎಂದರು ಅವರು.

ರುದ್ರಮ್ಮ ಸಿಸ್ಟರ್ ಅಂದೇ ನಂಬರು ಚೀಟಿಗಳನ್ನು ವ್ಯಾನಿನ ಸೀಟಿನ ಕೆಳಗೆ ತುರುಕಿದರು. ಇನ್ನು ಮುಂದೆ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು, ಅಕ್ಕ ಅಣ್ಣ ಸೇರಿಸಿ ಕರೆಯಬೇಕು, ಫೈಲಿಗೂ ಹೆಸರೇ ಇಡಬೇಕು ಎಂದು ನನಗೆ ಅಪ್ಪಣೆಯಾಯಿತು. ನಂಬರು ನನಗೆ ಸಲೀಸಾಗುತ್ತಿತ್ತು. ಆದರೂ ಮುದುಕರ ಮುಖ ನೆನೆದು ಒಪ್ಪಿಕೊಂಡೆ. ಅಂದಿನಿಂದ ನಮ್ಮ ಫೈಲುಗಳೆಲ್ಲ ವಿರುಪಾಕ್ಷಪ್ಪ ಸಂಡೂರು, ಗಂಗಮ್ಮ ದರೋಜಿ, ಹೀಗೆ. ಕಳಿಸುವಾಗ ಹೆಸರು ತೋರಿಸು ಎಂದು ಆಜ್ಞೆಗೆ ಸೇರಿಸಿದ್ದರಿಂದ, ಕಪ್ಪು ಪರದೆಯ ಮೇಲೆ ಅವು ಒಂದರ ಹಿಂದೊಂದು ಹೋಗುವುದನ್ನು ನೋಡುತ್ತಾ ಕೂರುವುದು ಚೆನ್ನಾಗಿಯೇ ಇತ್ತು. ಅಪ್ಪನ ಹರಿಗೋಲು ನೆನಪಾಗುತ್ತಿತ್ತು. ಅವನ ಹಾಗೆ ನಾನೂ ಕಳಿಸಿದ ಮೇಲೆ ಎಣಿಸುತ್ತಿದ್ದೆ. ಈ ಕಡೆ ಎಷ್ಟು ಫೈಲು, ಆ ಕಡೆ ಎಷ್ಟು ಫೈಲು ಎಂದು ಕೇಳುವ ಆಜ್ಞೆಯಿದೆ. ಎರಡೂ ಸಮವಾದರೆ ಚಹಾ.

ಕಳೆದ ವರ್ಷ ಕಂಪ್ಲಿ ಕಡೆಯ ಒಂದು ಊರಿನಲ್ಲಿ ಶಿಬಿರವಾಯಿತು. ಆ ವಾರದಲ್ಲಿ ಅದು ನಾಲ್ಕನೆಯದು. ಬಿಸಿಲು, ಹರಿದ ಶಾಮಿಯಾನ, ಊಟ ತಡ. ನನಗೆ ಎಷ್ಟು ಸಾಕಾಗಿತ್ತೆಂದರೆ ಕೊನೆಯವರ ಕಣ್ಣಿಗೆ ಕ್ಯಾಮೆರಾ ಹಿಡಿದು ನನ್ನ ಕಣ್ಣು ಮುಚ್ಚಿಕೊಂಡಿದ್ದೆ. ಮರುದಿನದ ಶಿಬಿರಕ್ಕೆ ಕ್ಯಾಮೆರಾದ ಕಾರ್ಡು ಖಾಲಿ ಬೇಕಿತ್ತು. ಹಾಗಾಗಿ ಫೋಟೋಗಳನ್ನು ನಕಲು ಮಾಡುವ ಬದಲು, ಹೆಸರು ಹಚ್ಚಿ ಹಚ್ಚಿ ಕಾರ್ಡಿನಿಂದ ಎತ್ತಿ ಕಳಿಸುವ ಫೋಲ್ಡರಿಗೆ ಇಡುವ ಆಜ್ಞೆ ಕೊಟ್ಟೆ. ಕಾರ್ಡು ಖಾಲಿಯಾಯಿತು. ಆಮೇಲೆ ಕಳಿಸಿದೆ. ಈ ಕಡೆ ನಲವತ್ತು, ಆ ಕಡೆ ನಲವತ್ತು. ಚಹಾ ಕುಡಿದು ವ್ಯಾನಿನಲ್ಲಿ ನಿದ್ದೆ ಹೋದೆ.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ ರುದ್ರಮ್ಮ ಸಿಸ್ಟರ್ ಕೈಬರಹದ ದಾಖಲೆ ಪುಸ್ತಕ ನನ್ನ ಮೇಜಿನ ಮೇಲಿತ್ತು. ಸುಮ್ಮನೆ ಹಾಳೆ ತಿರುವಿದೆ. ಆ ಊರಿನ ಪುಟದಲ್ಲಿ ಹೆಬ್ಬೆಟ್ಟು, ಸಹಿ ಸೇರಿ ನಲವತ್ತೊಂದು ಜನ. ಮತ್ತೆ ಎಣಿಸಿದೆ. ನಲವತ್ತೊಂದೇ. ಏಳನೆಯ ಸಾಲಿನಲ್ಲಿ ಹುಲಿಗೆಮ್ಮ. ಇಪ್ಪತ್ತಾರನೆಯ ಸಾಲಿನಲ್ಲಿ ಹುಲಿಗೆಮ್ಮ. ನಮ್ಮ ಸೀಮೆಯಲ್ಲಿ ಹುಲಿಗಿಯ ಅಮ್ಮನ ಹೆಸರಿಲ್ಲದ ಓಣಿಯಿಲ್ಲ ಎಂಬುದು ಹೊಳೆಯ ದಡದಲ್ಲಿ ಹುಟ್ಟಿದ ನನಗೆ ಗೊತ್ತಿರಲಿಲ್ಲವೇ? ಒಂದೇ ಹೆಸರು, ಒಂದೇ ಊರು. ಎರಡನೆಯ ಹುಲಿಗೆಮ್ಮನ ಫೈಲನ್ನು ತಂದಿಡುವಾಗ ಅದೇ ಹೆಸರಿನ ಮೊದಲನೆಯದು ಅಲ್ಲಿತ್ತು. ಕಪ್ಪು ಪರದೆ ಒಂದು ಮಾತೂ ಕೇಳದೆ ಮೊದಲನೆಯದನ್ನು ಅಳಿಸಿ, ಅದರ ಜಾಗದಲ್ಲಿ ಎರಡನೆಯದನ್ನು ಕೂರಿಸಿ, ಮುಂದಿನ ಸಾಲಿಗೆ ಬಂದು ಮಿಣುಕುತ್ತಾ ನಿಂತಿತ್ತು.

ಏಳನೆಯ ಸಾಲಿನ ಹುಲಿಗೆಮ್ಮನ ಕಣ್ಣುಗಳನ್ನು ಯಾವ ಡಾಕ್ಟರೂ ನೋಡಿಲ್ಲ. ಕಾರ್ಡಿನಲ್ಲೂ ಇಲ್ಲ, ಲ್ಯಾಪ್‌ಟಾಪಿನಲ್ಲೂ ಇಲ್ಲ. ಯಾರೂ ಕೇಳಿಲ್ಲ, ಕೇಳುವವರೂ ಇಲ್ಲ. ನಾನು ಪುಸ್ತಕ ಮುಚ್ಚಿ ಸಿಸ್ಟರ್ ಮೇಜಿಗೆ ಇಟ್ಟುಬಂದೆ. ನಿಮ್ಮೆದುರು ಸುಳ್ಳು ಹೇಳಿ ಏನಾಗಬೇಕು, ಸುಮ್ಮನಿದ್ದುಬಿಡೋಣ ಎಂದೇ ಆ ಸಂಜೆ ಮನೆಗೆ ಹೋದೆ. ಮುಂದಿನ ವರ್ಷ ಹೇಗೂ ಆ ಊರಿಗೆ ಮತ್ತೆ ಶಿಬಿರ ಇತ್ತು.

ಅಪ್ಪ ಈಗ ಹೊಸಪೇಟೆಯಲ್ಲಿ ನಮ್ಮ ಜೊತೆಗೇ ಇದ್ದಾನೆ. ಎಂಬತ್ತರ ಮೇಲಾಗಿದೆ. ಟಿವಿ ನೋಡುತ್ತಾನೆ, ಟಿವಿಯವರ ಜೊತೆ ಜಗಳವಾಡುತ್ತಾನೆ, ಸೊಸೆ ಸಪ್ಪೆ ಸಾರು ಕೊಟ್ಟಳೆಂದು ನನಗೆ ದೂರುತ್ತಾನೆ. ಆ ಸಂಜೆ ನಾನು ತಟ್ಟೆಯ ಮುಂದೆ ಸುಮ್ಮನೆ ಕೂತದ್ದು ನೋಡಿ ಏನಾಯಿತೆಂದು ಕೇಳಿದ. ಹೇಳಬಾರದೆಂದಿದ್ದವನು ಹೇಳಿಬಿಟ್ಟೆ. ಈ ದಡ, ಆ ದಡ ಎಂದು ಅವನ ಭಾಷೆಯಲ್ಲೇ ಹೇಳಿದೆ. ಎರಡೂ ಕಡೆ ಲೆಕ್ಕ ಸರಿಯಾಗಿತ್ತು, ನನ್ನದೇನು ತಪ್ಪು ಎಂದೂ ಸೇರಿಸಿದೆ.

ಅಪ್ಪ ಟಿವಿ ಸದ್ದು ಕಡಿಮೆ ಮಾಡಿಸಿದ. "ದಡದ ಮ್ಯಾಲ ಎಣಿಸಿದ್ಯೋ, ಹರಿಗೋಲಾಗ ಕುಂತ ಮ್ಯಾಲ ಎಣಿಸಿದ್ಯೋ?"

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟೆ. ಫೋಲ್ಡರಿಗೆ ಹಾಕಿದ ಮೇಲೆ ಎಣಿಸಿದ್ದೆ. ಹರಿಗೋಲಿನಲ್ಲಿ ಕೂತವರನ್ನು ಎಣಿಸಿದ್ದೆ.

"ಹತ್ತುವಾಗ ಜಾರಿದವರು ಕುಂತವರ ಲೆಕ್ಕದಾಗ ಬರಾಂಗಿಲ್ಲ, ಪಂಪ್ಯಾ," ಎಂದ ಅಪ್ಪ. ಆಮೇಲೆ ಜಗಲಿಯ ಕಡೆ ಕೈ ಮಾಡಿದ. ಕಂಪ್ಲಿಯ ಮನೆ ಬಿಡುವಾಗ ಅವ್ವ ಬೇರೆ ದೇವರ ಜೊತೆ ಆ ಹೊಳೆಗಲ್ಲನ್ನೂ ತಂದಿದ್ದಳು. ಅವ್ವ ಹೋದ ಮೇಲೆ ನನ್ನ ಹೆಂಡತಿ ಕುಂಕುಮ ಹಚ್ಚುತ್ತಾಳೆ. ಅದು ದೇವರಲ್ಲವೆಂದು ಅಪ್ಪ ಹೇಳಿದ.

ನಾನು ಹುಟ್ಟುವ ಮೊದಲಿನ ಸಂಗತಿ. ಒಂದು ದಿನ ಆ ದಡದಲ್ಲಿ ಎಲ್ಲರೂ ಇಳಿದು ಹೋದ ಮೇಲೂ ಅಪ್ಪನ ಉಡಿಯಲ್ಲಿ ಒಂದು ಕಲ್ಲು ಉಳಿಯಿತು. ಖಾಲಿ ಹರಿಗೋಲು ತಿರುಗಿಸಿಕೊಂಡು ನೀರಿನಲ್ಲಿ ಹುಡುಕಿದ, ಈ ದಡಕ್ಕೆ ಬಂದು ಕೇಳಿದ. ಯಾರೋ ಹತ್ತದೆ ಹಿಂದೆ ಸರಿದಿರಬಹುದು ಎಂದರು ಕೆಲವರು, ನೀನೇ ಒಂದು ಕಲ್ಲು ಹೆಚ್ಚಿಗೆ ಹೆಕ್ಕಿರಬೇಕು ಎಂದು ನಕ್ಕರು ಕೆಲವರು. ವಾರವಿಡೀ ಎರಡೂ ದಡದ ಊರುಗಳಲ್ಲಿ ಕೇಳುತ್ತಾ ತಿರುಗಿದ. ನಮ್ಮವರು ಬರಲಿಲ್ಲ ಎಂದು ಯಾರೂ ಬರಲಿಲ್ಲ. ಕಲ್ಲನ್ನು ನೀರಿಗೆ ಎಸೆಯಲು ಮನಸ್ಸಾಗದೆ ಮನೆಗೆ ತಂದ. ಅವ್ವ ಏನೂ ಕೇಳದೆ ಅದನ್ನು ಜಗಲಿಗೆ ಏರಿಸಿದಳು.

"ಯಾರಂತ ಗೊತ್ತಿದ್ರ ನಾ ಹೋಗತಿದ್ದೆ," ಎಂದ ಅಪ್ಪ. "ನಿನಗ ಹೆಸರು ಗೊತ್ತೈತಿ, ಊರು ಗೊತ್ತೈತಿ."

ಮರುದಿನ ಬೆಳಿಗ್ಗೆ ಮೊದಲು ರುದ್ರಮ್ಮ ಸಿಸ್ಟರಿಗೆ ಹೇಳಿದೆ. ಅವರು ನನ್ನನ್ನು ಬೈಯುವ ಬದಲು ಹೆಸರೇ ಇಡಬೇಕೆಂಬ ತಮ್ಮ ಹಟದಿಂದಲೇ ಹೀಗಾಯಿತೆಂದು ಕೂತುಬಿಟ್ಟರು. ಹೆಸರು ತಪ್ಪು ಮಾಡಲಿಲ್ಲ, ನನ್ನ ಕೈ ಮಾಡಿತು ಎಂದು ಹೇಳಿ, ಕೈಯಲ್ಲಿ ಹಿಡಿಯುವ ಸಣ್ಣ ಕ್ಯಾಮೆರಾ ಪಡೆದುಕೊಂಡೆ. ಬಸ್ ನಿಲ್ದಾಣದ ಹತ್ತಿರ ರಸ್ತೆಯಂಚಿನಲ್ಲಿ ಈ ಅದಿರಿನ ತುಂಡು ಬಿದ್ದಿತ್ತು. ಒಂದು ಕಲ್ಲು ಜೊತೆಗಿರಲಿ, ಹುಲಿಗೆಮ್ಮ ಸಿಕ್ಕಿದರೆ ಅದನ್ನು ಹೊಳೆಗೆ ಎಸೆದು ಬಾ ಎಂದು ನಾನು ಹೊರಡುವಾಗ ಅಪ್ಪ ಹೇಳಿದ್ದ. ಹೆಕ್ಕಿ ಜೇಬಿಗೆ ಹಾಕಿಕೊಂಡೆ. ಕಂಪ್ಲಿ ಮುಟ್ಟುವಷ್ಟರಲ್ಲಿ ಬಿಳಿ ಅಂಗಿಯ ಜೇಬು ಕೆಂಪಾಗಿತ್ತು, ಎದುರು ಸೀಟಿನವರು ಎದೆಗೆ ಏನು ಹೊಡೆಸಿಕೊಂಡಿರಿ ಎಂದು ಗಾಬರಿಯಿಂದ ವಿಚಾರಿಸಿದರು.

ಊರಿನಲ್ಲಿ ಹುಲಿಗೆಮ್ಮನ ಮನೆ ಕೇಳಿದರೆ ಯಾವ ಹುಲಿಗೆಮ್ಮ ಎಂದರು. ನಾಲ್ವರಿದ್ದರು. ಸಕ್ಕರೆ ಕಾಯಿಲೆಯ ಹುಲಿಗೆಮ್ಮ ಎಂದರೆ ಇಬ್ಬರು. ಮೊದಲು ಸಿಕ್ಕವರು ಎರಡನೆಯ ಹುಲಿಗೆಮ್ಮ. ಅವರ ಕಣ್ಣು ಚೆನ್ನಾಗಿತ್ತು, ಅವರಿಗೆ ಫೋನು ಹೋಗದಿದ್ದದ್ದು ಸರಿಯಾಗಿಯೇ ಇತ್ತು. ಏಳನೆಯ ಸಾಲಿನವರು ಊರಾಚೆ ಬಾಳೆ ತೋಟದಲ್ಲಿ ಗೊನೆ ಹೊರುವ ಕೆಲಸದಲ್ಲಿದ್ದರು. ಐವತ್ತೈದರ ಹೆಂಗಸು. ತಲೆಯ ಮೇಲಿನ ಸಿಂಬಿ ತೆಗೆದು, ನನ್ನನ್ನು ಗುರುತು ಹಿಡಿಯಲು ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ಬಲಗಣ್ಣಿನಲ್ಲಿ ನೋಡಿದರು. ಆ ಒಂದು ತಿರುವು ನೋಡಿಯೇ ನಾನು ಚೀಲದಿಂದ ಕ್ಯಾಮೆರಾ ತೆಗೆದೆ.

ನಿಮ್ಮ ಫೋಟೋ ನನ್ನ ಕೈಯಿಂದ ಅಳಿಸಿಹೋಗಿದೆ, ಯಾರೂ ನೋಡಿಲ್ಲ ಎಂದು ಹೇಳಿದೆ. ಎಡಗಣ್ಣಿನ ಬಗ್ಗೆ ಕೇಳಿದೆ. ಹತ್ತು ದಿನದಿಂದ ಅದರೊಳಗೆ ಹೊಗೆ ತುಂಬಿದ ಹಾಗಿದೆಯಂತೆ. ಮಗಳು ಆಸ್ಪತ್ರೆಗೆ ಹೋಗೋಣ ಎಂದಿದ್ದಳಂತೆ, ಇವರೇ ಬೇಡವೆಂದರಂತೆ.

"ನೀವು ಫೋಟೋ ತಗೊಂಡು ಹೋಗಿದ್ರೆಲ್ಲ," ಎಂದರು ಹುಲಿಗೆಮ್ಮ. "ಏನೂ ಹೇಳಿ ಕಳಿಸ್ಲಿಲ್ಲ. ಸುಮ್ಮನದಾರಂದ್ರ ಎಲ್ಲ ಚಲೋ ಐತಿ ಅಂತ ತಿಳಕೊಂಡೆ."

ಬಾಳೆ ಗೊನೆಗಳ ನಡುವೆ ಕೂರಿಸಿ ಫೋಟೋ ತೆಗೆದೆ. ಅಲ್ಲಿಯೇ ಲ್ಯಾಪ್‌ಟಾಪ್ ತೆರೆದು ಕಳಿಸಿದೆ. ಒಂದೇ ಫೈಲು. ಹದಿನೈದು ವರ್ಷದಲ್ಲಿ ಕಳಿಸಿದ ಯಾವ ಫೈಲಿಗೂ ಅಷ್ಟು ಹೊತ್ತು ಕಾದ ನೆನಪಿಲ್ಲ. ಪರದೆ ಎಂದಿನ ಹಾಗೆ ಏನೂ ಹೇಳದೆ ಮುಂದಿನ ಸಾಲಿಗೆ ಬಂದು ನಿಂತಿತು. ನನಗೆ ಅದರ ಮೌನದ ಮೇಲೆ ನಂಬಿಕೆ ಹೋಗಿತ್ತು. ಆಸ್ಪತ್ರೆಗೆ ಫೋನು ಮಾಡಿ, ಫೈಲು ತೆರೆದು ನೋಡಿರೆಂದು ಡಾಕ್ಟರಿಗೆ ಹೇಳಿ, ಅವರು ನೋಡಿದೆ ಎನ್ನುವವರೆಗೂ ಫೋನು ಇಡಲಿಲ್ಲ. ಕೂಡಲೇ ಕರೆದುಕೊಂಡು ಬನ್ನಿ ಎಂದರು ಅವರು.

ಬಲಗಣ್ಣು ಉಳಿಯಿತು. ಎಡಗಣ್ಣಿಗೂ ಚಿಕಿತ್ಸೆ ಕೊಟ್ಟರು. ಅದರಲ್ಲಿ ಈಗ ಬೆಳಕು ಕಾಣುತ್ತದೆ, ಎದುರಿಗೆ ಜನ ನಿಂತರೆ ನೆರಳಿನಂತೆ ಕಾಣುತ್ತಾರೆ, ಮುಖ ಕಾಣುವುದಿಲ್ಲ. ಮೂರು ವಾರ ಮೊದಲೇ ಬಂದಿದ್ದರೆ ಎಂದು ನಾನು ಡಾಕ್ಟರನ್ನು ಕೇಳಿದೆ. ಹೇಳಲಿಕ್ಕೆ ಬರುವುದಿಲ್ಲ ಎಂದರು. ಆಮೇಲೂ ಎರಡು ಸಲ ಕೇಳಿದೆ, ಅದೇ ಉತ್ತರ. ನಾಲ್ಕನೆಯ ಸಲ ಕೇಳಿದಾಗ ಅವರು ನನ್ನ ರಕ್ತದೊತ್ತಡ ನೋಡಿಸಿದರು.

ಹುಲಿಗೆಮ್ಮ ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ. ಊರಿಗೆ ಹೊರಟ ದಿನ ಹುಡುಕಿಕೊಂಡು ಬಂದು, ನೀನು ಬರದಿದ್ದರೆ ಇನ್ನೊಂದೂ ಹೋಗುತ್ತಿತ್ತಲ್ಲಪ್ಪಾ ಎಂದು ಒಂದು ಚಿಪ್ಪು ಬಾಳೆಹಣ್ಣು ಮೇಜಿನ ಮೇಲಿಟ್ಟರು. ಅದು ಕಪ್ಪಾಗುವವರೆಗೂ ಅಲ್ಲೇ ಇತ್ತು. ತಿನ್ನಲಿಕ್ಕೂ ಆಗಲಿಲ್ಲ, ಯಾರಿಗಾದರೂ ಕೊಡಲಿಕ್ಕೂ ಆಗಲಿಲ್ಲ.

ಈಗ ಫೈಲಿನ ಹೆಸರಿನ ಕೊನೆಯಲ್ಲಿ ಒಂದು ನಂಬರು ಇರುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಕೂಗಬಾರದು ಎಂಬ ಷರತ್ತಿನ ಮೇಲೆ ರುದ್ರಮ್ಮ ಸಿಸ್ಟರ್ ಒಪ್ಪಿದ್ದಾರೆ. ಇದ್ದ ಫೈಲಿನ ಮೇಲೆ ಇನ್ನೊಂದನ್ನು ಹಾಕುವ ಮೊದಲು ನನ್ನನ್ನು ಕೇಳು ಎಂದು ಕಪ್ಪು ಪರದೆಗೂ ಕಲಿಸಿದ್ದೇನೆ. ತೊಂದರೆ ಇಲ್ಲದವರಿಗೂ ಈಗ ಫೋನು ಹೋಗುತ್ತದೆ. ಇಷ್ಟಾದರೂ ಶಿಬಿರದ ದಿನ ನಾನು ಕ್ಯಾಮೆರಾದ ಮುಂದೆ ಒಬ್ಬೊಬ್ಬರು ಬಂದು ಕೂರುವ ಮೊದಲು ಒಂದೊಂದು ಕಲ್ಲನ್ನು ಹೆಕ್ಕಿ ಜೇಬಿಗೆ ಹಾಕಿಕೊಳ್ಳುತ್ತೇನೆ. ಡಾಕ್ಟರು ನೋಡಿದೆ ಎಂದ ಹಾಗೆ ಒಂದೊಂದನ್ನೇ ಹೊರಗೆ ಹಾಕುತ್ತೇನೆ. ವ್ಯಾನಿನವನು ನಗುತ್ತಾನೆ. ಮೂರು ಪ್ಯಾಂಟಿನ ಜೇಬು ಹರಿದಿವೆ, ಹೆಂಡತಿ ಹೊಲಿದುಕೊಡುವುದನ್ನು ನಿಲ್ಲಿಸಿದ್ದಾಳೆ.

ಹುಲಿಗೆಮ್ಮನನ್ನು ಊರಿಗೆ ಕಳಿಸಿದ ಸಂಜೆ, ಅಲ್ಲಿಯವರೆಗೆ ಕೇಳದೆ ಕಾದಿದ್ದ ಅಪ್ಪ, ಸಿಕ್ಕಳೇನು ಎಂದು ಕೇಳಿದ. ಸಿಕ್ಕರು ಎಂದೆ. ಹಾಗಾದರೆ ಕಲ್ಲನ್ನು ಹೊಳೆಗೆ ಹಾಕಿದೆಯಾ ಎಂದ. ನಾನು ಜೇಬಿನಿಂದ ತೆಗೆದು ತೋರಿಸಿದೆ. ಎಡಗಣ್ಣಿನ ಸಂಗತಿ ಹೇಳಿದೆ.

ಅಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ತೂಗಿದ. ಆಮೇಲೆ ಜಗಲಿಯ ಮೇಲೆ ತನ್ನ ಹೊಳೆಗಲ್ಲಿನ ಪಕ್ಕ ಜಾಗವಿದೆ ಎಂಬಂತೆ ಆ ಕಡೆ ನೋಡಿದ.

"ಬ್ಯಾಡಪ್ಪ," ಎಂದೆ. "ಇಲ್ಲಿಟ್ರ ಕುಂಕುಮ ಹಚ್ಚತಾರ. ನಾಕು ದಿನಕ್ಕ ದೇವರಾಗತೈತಿ. ನನ್ನ ಮೇಜಿನ್ಯಾಗ ಇರಲಿ."

ಅವನು ಕಲ್ಲನ್ನು ನನ್ನ ಕೈಗೆ ಕೊಟ್ಟು, ಕೆಂಪಾದ ಅಂಗೈಯನ್ನು ಟವೆಲ್ಲಿಗೆ ಒರೆಸಿಕೊಂಡ.